ಸೀಟು ತೆಗೆದ ವ್ಯಾನಿನಲ್ಲಿ ಅಡುಗೆ ಸಾಮಾನು: ಹಗ್ಗ ಸಾಕಾ, ಕೊಂಡಿ ಬೇಕಾ?

ಪ್ರಶ್ನೆ: ನಮ್ಮದು ಶಿರಸಿ ಕಡೆ. ಮದುವೆ, ಉಪನಯನಗಳಿಗೆ ಅಡುಗೆ ಮಾಡಿಕೊಡುವ ಕೆಲಸ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಮಾರುತಿ ಈಕೋ ತಗೊಂಡೆವು, 7 ಸೀಟಿನದು, ಪೆಟ್ರೋಲ್. ಹಿಂದಿನ ಎರಡೂ ಸಾಲು ಸೀಟು ತೆಗೆದು ಸಾಮಾನು ಹಾಕುತ್ತೇವೆ. ಕೊಪ್ಪರಿಗೆ, ಒಲೆ, ಗ್ರೈಂಡರ್, ಅಕ್ಕಿ ಮೂಟೆ, ಒಂದೆರಡು ಸಿಲಿಂಡರ್. ಕೆಲವು ಸಲ ಇಬ್ಬರು ಹುಡುಗರು ಮೂಟೆ ಮೇಲೆ ಕೂತು ಬರುತ್ತಾರೆ. ಮೊನ್ನೆ ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ದನ ಅಡ್ಡ ಬಂತು. ಜೋರಾಗಿ ಬ್ರೇಕ್ ಹಾಕಿದೆ. ಗ್ರೈಂಡರ್ ಜಾರಿ ಬಂದು ನನ್ನ ಸೀಟಿಗೆ ಗುದ್ದಿತು. ಮೇಲಿಟ್ಟಿದ್ದ ಮುಚ್ಚಳ ಹಾರಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. 'ಭಾರದ ಸಾಮಾನು ಅಲುಗಾಡಲ್ಲ, ಒತ್ತಿ ತುಂಬಿದರೆ ಸಾಕು' ಅಂತಾರೆ ಅಪ್ಪ. ನೆಲಕ್ಕೆ ನಾಲ್ಕು ಕೊಂಡಿ ವೆಲ್ಡ್ ಮಾಡಿಸು ಅಂತಾರೆ ಗ್ಯಾರೇಜಿನವರು. ರಬ್ಬರ್ ಹಗ್ಗದ ಬಲೆ ಸಾಕು ಅಂತಾನೆ ಗೆಳೆಯ. ಯಾರ ಮಾತು ಕೇಳಲಿ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಮಾತು. ಹುಡುಗರನ್ನು ಮೂಟೆ ಮೇಲೆ ಕೂರಿಸುವುದನ್ನು ಇವತ್ತೇ ನಿಲ್ಲಿಸಿ. ಸಾಮಾನನ್ನು ಎಷ್ಟೇ ಚೆನ್ನಾಗಿ ಕಟ್ಟಿದರೂ ಅದರ ಮಧ್ಯೆ ಕೂತವನಿಗೆ ಬೆಲ್ಟ್ ಇಲ್ಲ, ಬೆನ್ನಿಗೆ ಆಸರೆ ಇಲ್ಲ. ಬ್ರೇಕ್ ಬಿದ್ದರೆ ಅವನು ಮುಂದಕ್ಕೆ ಹಾರುತ್ತಾನೆ, ಅವನ ಬೆನ್ನಿಗೆ ಗ್ರೈಂಡರ್ ಬರುತ್ತದೆ. ಇದಕ್ಕೆ ಯಾವ ಕೊಂಡಿಯಲ್ಲೂ ಪರಿಹಾರ ಇಲ್ಲ. ಹುಡುಗರು ಬರಲೇಬೇಕು ಅಂದರೆ ಅವರಿಗೆ ಸೀಟು ಬೇಕು. ಅದಕ್ಕೊಂದು ದಾರಿ ಇದೆ, ಕೆಳಗೆ ಹೇಳುತ್ತೇನೆ.

ವ್ಯಾನುಗಳ ಒಳಗೆ ಜಾಲರಿ, ರ್ಯಾಕು, ಕೊಂಡಿ ಕೂರಿಸುವುದು ನನ್ನ ಕಸುಬು. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಇಂಥದೇ ಒಂದು ಬ್ರೇಕ್ ಆದ ಮೇಲೆ ಬರುತ್ತಾರೆ. ಎಲ್ಲರೂ ಕೇಳುವುದು ಹಗ್ಗದ ಬಗ್ಗೆ. ನಾನು ಮೊದಲು ನೋಡುವುದು ಡ್ರೈವರ್ ಬೆನ್ನ ಹಿಂದೆ ಏನಿದೆ ಅಂತ. ನಿಮ್ಮ ಗಾಡಿಯಲ್ಲಿ ಅಲ್ಲಿರುವುದು ಒಂದು ತೆಳು ಪೈಪಿನ ಚೌಕಟ್ಟು, ಫೋಮು ಮತ್ತು ಬಟ್ಟೆ, ಅಷ್ಟೇ. ಸೀಟಿನ ಬೆನ್ನು ಕೂತವರನ್ನು ಹಿಡಿಯಲು ಮಾಡಿದ್ದು. ಹಿಂದಿನಿಂದ ಬರುವ ಗ್ರೈಂಡರನ್ನು ತಡೆಯಲು ಮಾಡಿದ್ದಲ್ಲ.

ಈಗ ಅಪ್ಪನ ಮಾತಿಗೆ ಬರೋಣ. ಭಾರದ ಸಾಮಾನು ಕೂತಲ್ಲೇ ಕೂತಿರುತ್ತದೆ ಅನ್ನುವುದು ಬಹಳ ಜನ ನಂಬಿರುವ ಮಾತು. ಕೈಯಿಂದ ತಳ್ಳಿ ನೋಡಿದರೆ ನಿಜ ಅನ್ನಿಸುತ್ತದೆ ಕೂಡ. ಆದರೆ ಬ್ರೇಕ್ ಹಾಕಿದಾಗ ತಳ್ಳುವುದು ಕೈ ಅಲ್ಲ, ಸಾಮಾನಿನ ಸ್ವಂತ ತೂಕ. ಭಾರ ಹೆಚ್ಚಾದಂತೆ ನೆಲದ ಹಿಡಿತ ಹೆಚ್ಚುತ್ತದೆ, ಸರಿ. ಮುಂದಕ್ಕೆ ಹೋಗುವ ಒತ್ತಡವೂ ಅಷ್ಟೇ ಹೆಚ್ಚುತ್ತದೆ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಗ್ರೈಂಡರ್ 60 ಕಿಲೋ ಅಂದುಕೊಳ್ಳಿ. ಒಣ ಡಾಂಬರಿನ ಮೇಲೆ ಪೂರ್ತಿ ಬ್ರೇಕ್ ಒತ್ತಿದರೆ ಸಾಮಾನು ಅದರ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಒತ್ತಡದಲ್ಲಿ ಮುಂದಕ್ಕೆ ಎಳೆಯುತ್ತದೆ. ಯುರೋಪಿನಲ್ಲಿ ಸರಕು ಕಟ್ಟುವ ಮಾನದಂಡವೂ ಮುಂದಕ್ಕೆ ಇದೇ ಲೆಕ್ಕ ಹಿಡಿಯುತ್ತದೆ, ಪಕ್ಕಕ್ಕೆ ಮತ್ತು ಹಿಂದಕ್ಕೆ ಅರ್ಧ ತೂಕ. ಅಂದರೆ ನಿಮ್ಮ ಗ್ರೈಂಡರ್ 48 ಕಿಲೋ ಬಲದಲ್ಲಿ ಮುಂದಕ್ಕೆ ಬರುತ್ತದೆ. ಪೇಂಟ್ ಮಾಡಿದ ತಗಡಿನ ಮೇಲೆ ಕಬ್ಬಿಣದ ಕಾಲಿಗೆ ಸಿಗುವ ಹಿಡಿತ ತೂಕದ ಐದನೇ ಒಂದು ಪಾಲು, ಅಂದರೆ 12 ಕಿಲೋ. ಉಳಿದ 36 ಕಿಲೋ ಯಾರು ಹಿಡಿಯಬೇಕು? ನಿಮ್ಮ ಸೀಟು ಹಿಡಿಯಿತು. 120 ಕಿಲೋದ ಗ್ರೈಂಡರ್ ಆಗಿದ್ದರೆ ಎಲ್ಲವೂ ಎರಡು ಪಟ್ಟು, 72 ಕಿಲೋ ಹಿಡಿಯಬೇಕಿತ್ತು. ಭಾರ ಜಾಸ್ತಿ ಇದ್ದರೆ ಸಾಮಾನು ನಿಲ್ಲುವುದಿಲ್ಲ, ಗುದ್ದು ಜಾಸ್ತಿ ಆಗುತ್ತದೆ. ಅಡುಗೆ ಗಾಡಿಯ ನೆಲದಲ್ಲಿ ಎಣ್ಣೆ ಪಸೆ, ಚೆಲ್ಲಿದ ಅಕ್ಕಿಕಾಳು ಇದ್ದೇ ಇರುತ್ತವೆ ಅಲ್ವಾ? ಆಗ ಆ 12 ಕಿಲೋ ಹಿಡಿತವೂ ಇಲ್ಲ.

ಇದು ಬರೀ ಬ್ರೇಕಿನ ಲೆಕ್ಕ. 50 ಕಿ.ಮೀ. ವೇಗದಲ್ಲಿ ಗಾಡಿ ಎದುರಿಗೆ ಗುದ್ದಿ ಅರ್ಧ ಮೀಟರ್ ಚಿಲ್ಲರೆಯಲ್ಲಿ ನಿಂತುಬಿಟ್ಟರೆ ಒತ್ತಡ ತೂಕದ ಸುಮಾರು 16 ಪಟ್ಟು. 60 ಕಿಲೋ ಗ್ರೈಂಡರ್ ಹೆಚ್ಚುಕಡಿಮೆ ಒಂದು ಟನ್ ಆಗಿ ಬರುತ್ತದೆ. 'ನಾನು ನಿಧಾನ ಓಡಿಸ್ತೀನಿ' ಅನ್ನುವವರು ಇದನ್ನು ಗಮನಿಸಬೇಕು. ಇಂಥ ಗುದ್ದನ್ನು ಸಾಮಾನು ಕಟ್ಟುವ ಬೆಲ್ಟ್ ಒಂದೇ ಹಿಡಿಯುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅದಕ್ಕೇ ಮುಂದಿನ ಸೀಟಿನ ಹಿಂದೆ ಗಟ್ಟಿ ಜಾಲರಿ ಬೇಕು ಅನ್ನುವುದು.

ಅಪ್ಪನ ಮಾತಿನ ಇನ್ನರ್ಧ ಮಾತ್ರ ಬಹಳ ಸರಿ. ಒತ್ತಿ ತುಂಬುವುದು ಒಳ್ಳೆಯ ಪದ್ಧತಿ. ಸಾಮಾನಿಗೂ ಗಟ್ಟಿ ಗೋಡೆಗೂ ನಡುವೆ ಸಂದು ಇಲ್ಲದಿದ್ದರೆ ಅದು ಓಡಿ ಬಂದು ಗುದ್ದುವುದಿಲ್ಲ, ಬರೀ ಒರಗುತ್ತದೆ. ತೊಂದರೆ ಏನೆಂದರೆ ಆ ಗಟ್ಟಿ ಗೋಡೆ ನಿಮ್ಮಲ್ಲಿಲ್ಲ. ಇನ್ನೊಂದು, ಹೋಗುವಾಗ ತುಂಬಿದ ಗಾಡಿ ಬರುವಾಗ ಅರ್ಧ ಖಾಲಿ. ಅಕ್ಕಿ, ತರಕಾರಿ ಮುಗಿದಿರುತ್ತದೆ. ಪಾತ್ರೆಗಳ ನಡುವೆ ಜಾಗ ಬಿದ್ದಿರುತ್ತದೆ. ಎಲ್ಲರಿಗೂ ಸುಸ್ತಾಗಿರುತ್ತದೆ, ಕಟ್ಟುವ ತಾಳ್ಮೆ ಇರುವುದಿಲ್ಲ. ನಾನು ನೋಡಿದ ಮಟ್ಟಿಗೆ ವಾಪಸ್ ಬರುವ ಗಾಡಿಯೇ ಜಾಸ್ತಿ ಅಪಾಯದ್ದು.

ಗೆಳೆಯ ಹೇಳಿದ ರಬ್ಬರ್ ಬಲೆ ಹಗುರ ಸಾಮಾನಿಗೆ ಸರಿ. ಬಾಳೆಲೆ ಕಟ್ಟು, ಪ್ಲಾಸ್ಟಿಕ್ ಬುಟ್ಟಿ, ಟವೆಲ್ಲು ಚೆಲ್ಲದಂತೆ ಹಿಡಿಯುತ್ತದೆ. ಭಾರದ್ದಕ್ಕೆ ಅದು ಬೇಡ. ರಬ್ಬರ್ ಹಿಗ್ಗುತ್ತದೆ, ಸಾಮಾನು ಅಷ್ಟರಲ್ಲಿ ವೇಗ ಪಡೆದಿರುತ್ತದೆ. ಕೊಕ್ಕೆ ಕಿತ್ತು ಬಂದರೆ ಕಣ್ಣಿಗೇ ಪೆಟ್ಟು. ನೈಲಾನ್ ಹಗ್ಗವೂ ಹಿಗ್ಗುವುದೇ. ಅದಲ್ಲದೆ ಗಂಟು ಹಾಕಿದ ಜಾಗದಲ್ಲಿ ಹಗ್ಗದ ಬಲ ಅರ್ಧದಷ್ಟು ಇಳಿದುಬಿಡುತ್ತದೆ. ನಿಮಗೆ ಬೇಕಾದದ್ದು ಪಾಲಿಯೆಸ್ಟರ್ ಪಟ್ಟಿಯ ರ್ಯಾಚೆಟ್ ಬೆಲ್ಟ್, ಅಂದರೆ ಹಿಡಿ ಆಡಿಸಿ ಬಿಗಿ ಮಾಡುವಂಥದ್ದು. ಲಾರಿಯವರು ಬಳಸುವುದು 50 ಮಿ.ಮೀ. ಅಗಲದ್ದು. ನಿಮ್ಮ ಸಾಮಾನಿಗೆ 25 ಅಥವಾ 35 ಮಿ.ಮೀ. ಸಾಕು. ತಗೊಳ್ಳುವಾಗ ಹೊಲಿದ ಚೀಟಿ ನೋಡಿ. ದೊಡ್ಡ ಅಕ್ಷರದಲ್ಲಿ ಬರೆದಿರುವುದು ಹೆಚ್ಚಾಗಿ ಬೆಲ್ಟ್ ಹರಿಯುವ ತೂಕ. ಕೆಲಸಕ್ಕೆ ನಂಬಬಹುದಾದದ್ದು ಅದರ ಮೂರನೇ ಒಂದು ಪಾಲು ಅಂತ ಇಟ್ಟುಕೊಳ್ಳಿ. ಚೀಟಿಯೇ ಇಲ್ಲದ್ದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಇನ್ನು ಗ್ಯಾರೇಜಿನವರ ಕೊಂಡಿ. ಕೊಂಡಿ ಬೇಕು, ನಿಜ. ವೆಲ್ಡಿಂಗ್ ಬೇಡ. ವ್ಯಾನಿನ ನೆಲದ ತಗಡು ಬಹಳ ತೆಳು. ಅದಕ್ಕೆ ವೆಲ್ಡ್ ಮಾಡಿದ ಕೊಂಡಿ ಎಳೆತ ಬಿದ್ದಾಗ ತಗಡಿನ ತುಂಡಿನ ಸಮೇತ ಕಿತ್ತು ಬರುತ್ತದೆ. ವೆಲ್ಡಿಂಗ್ ಶಾಖಕ್ಕೆ ಕೆಳಗಿನ ತುಕ್ಕು ತಡೆಯುವ ಲೇಪ ಸುಟ್ಟುಹೋಗುತ್ತದೆ. ಶಿರಸಿಯ ಮಳೆ, ಕುಮಟಾದ ಉಪ್ಪು ಗಾಳಿ ಎರಡೂ ಸೇರಿದರೆ ತುಕ್ಕು ಹಿಡಿಯಲು ಎಷ್ಟು ದಿನ ಬೇಕು? ಅದೇ ನೆಲದ ಕೆಳಗೆ ಪೆಟ್ರೋಲ್ ಟ್ಯಾಂಕು, ಇಂಧನದ ಪೈಪು, ಬ್ರೇಕ್ ಪೈಪು, ವೈರು ಎಲ್ಲ ಇವೆ. ಮೇಲಿನಿಂದ ಕಣ್ಣಂದಾಜಿನಲ್ಲಿ ಡ್ರಿಲ್ ಹಾಕುವುದಂತೂ ಬೇಡವೇ ಬೇಡ.

ಒಳ್ಳೆಯ ಜಾಗ ನಿಮ್ಮ ಗಾಡಿಯಲ್ಲಿ ಆಗಲೇ ಇದೆ. ಸೀಟು ತೆಗೆದಾಗ ಬಿಚ್ಚಿದ ಬೋಲ್ಟ್ ತೂತುಗಳು. ಬೆಲ್ಟ್ ಹಾಕಿ ಕೂತ ಮನುಷ್ಯರ ಸಮೇತ ಸೀಟನ್ನು ಹಿಡಿಯಲು ಕಂಪನಿಯೇ ಅಲ್ಲಿ ನೆಲಕ್ಕೆ ಬಲ ಕೊಟ್ಟಿರುತ್ತದೆ. ಅದೇ ಅಳತೆಯ, ಅದೇ ದರ್ಜೆಯ ಬೋಲ್ಟ್ ತಂದು ಡಿ ಆಕಾರದ ಬಳೆ ಇರುವ ದಪ್ಪ ಪ್ಲೇಟನ್ನು ಕೂರಿಸಿ. ಬೋಲ್ಟ್ ತಲೆಯ ಮೇಲೆ ಬಲದ ದರ್ಜೆ ಕನಿಷ್ಠ 8.8 ಅಂತ ಅಚ್ಚು ಇರಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ನೆ ಸಿಗುವ ಕಣ್ಣಿನ ಬೋಲ್ಟ್, ಅಂದರೆ ತಲೆ ಉಂಗುರದಂತೆ ಇರುವುದು, ಬೇಡ. ಅದು ನೇರ ಮೇಲಕ್ಕೆ ಎತ್ತಲು ಮಾಡಿದ್ದು. ಓರೆಯಾಗಿ ಎಳೆದರೆ ಬಗ್ಗುತ್ತದೆ. ಹಿಂದಿನ ಸೀಟಿನ ಬೆಲ್ಟ್ ಕೂರಿಸಿದ್ದ ತೂತುಗಳೂ ಗಟ್ಟಿ. ಆದರೆ ಬಹುತೇಕ ಕಾರುಗಳಲ್ಲಿ ಸೀಟ್ ಬೆಲ್ಟಿನ ಬೋಲ್ಟ್ ಮಿಲಿಮೀಟರ್ ಥ್ರೆಡ್ಡಿನದಲ್ಲ, ಇಂಚಿನ ಥ್ರೆಡ್ಡಿನದು. ಮೊದಲು ಕೈಯಲ್ಲೇ ತಿರುಗಿಸಿ ನೋಡಿ. ಸಲೀಸಾಗಿ ಹೋಗದಿದ್ದರೆ ಬೇರೆ ಬೋಲ್ಟ್ ತನ್ನಿ, ಸ್ಪ್ಯಾನರ್ ಹಾಕಿ ತುರುಕಬೇಡಿ. ಮುಂದಿನ ಸೀಟಿನ ಬೆಲ್ಟ್ ಬೋಲ್ಟುಗಳನ್ನು ಮಾತ್ರ ಮುಟ್ಟಲೇಬೇಡಿ, ಅವು ನಿಮ್ಮ ಜೀವಕ್ಕಿರುವುದು. ಬೇರೆ ಜಾಗದಲ್ಲಿ ತೂತು ಹಾಕಲೇಬೇಕಾದರೆ ಗಾಡಿಯನ್ನು ಮೇಲೆತ್ತಿ ಕೆಳಗಿನಿಂದ ನೋಡಿ ಗುರುತು ಮಾಡಿ, ತಗಡಿನ ಕೆಳಗೆ ಅಂಗೈ ಅಗಲದ ಉಕ್ಕಿನ ಪ್ಲೇಟ್ ಕೊಟ್ಟೇ ಬಿಗಿಯಿರಿ. ಬರೀ ವಾಷರ್ ಸಾಲದು.

ಇಷ್ಟಾದ ಮೇಲೆ ಜಾಲರಿ. ಮುಂದಿನ ಸೀಟಿನ ಹಿಂದೆ ನೆಲದಿಂದ ಚಾವಣಿವರೆಗೆ, ಒಂದಿಂಚು ಚೌಕ ಪೈಪಿನ ಚೌಕಟ್ಟು, ಅದಕ್ಕೆ ವೆಲ್ಡ್ ಮೆಷ್. ಕೆಳಗೆ ಸೀಟಿನ ಹಳೆ ತೂತಿಗೆ, ಪಕ್ಕದಲ್ಲಿ ಗಟ್ಟಿ ಕಂಬಕ್ಕೆ ಬೋಲ್ಟ್ ಆಗಬೇಕು. ಚಾವಣಿಗೆ ಸ್ಕ್ರೂ ಹಾಕಿ ನಿಲ್ಲಿಸಿದ ಜಾಲರಿ ಮುಚ್ಚಳವನ್ನು ತಡೆದೀತು, ಗ್ರೈಂಡರನ್ನಲ್ಲ. ಪ್ಲೈವುಡ್ ಹಾಕಿದರೆ ಒಳಗಿನ ಕನ್ನಡಿಯಲ್ಲಿ ಹಿಂದೆ ಕಾಣುವುದಿಲ್ಲ, ಅದಕ್ಕೆ ಮೆಷ್. ಸೀಟು ಪೂರ್ತಿ ಹಿಂದಕ್ಕೆ ಸರಿದಾಗ ತಲೆಗೂ ಪೈಪಿಗೂ ಜಾಗ ಇದೆಯಾ ನೋಡಿಕೊಳ್ಳಿ. ಡೆಲಿವರಿ ವ್ಯಾನುಗಳ ತಡೆಗೋಡೆ ಮತ್ತು ಕೊಂಡಿಗಳಿಗೆ ಐಎಸ್ಒ 27956 ಅಂತ ಅಂತಾರಾಷ್ಟ್ರೀಯ ಮಾನದಂಡವೇ ಇದೆ. ನಮ್ಮ ಊರಿನ ಫ್ಯಾಬ್ರಿಕೇಶನ್ ಅಂಗಡಿಯ ಜಾಲರಿ ಆ ಪರೀಕ್ಷೆ ಪಾಸಾಗಿದ್ದಲ್ಲ. ಆದರೂ ಸರಿಯಾಗಿ ಬೋಲ್ಟ್ ಮಾಡಿದ ಜಾಲರಿಗೂ ಏನೂ ಇಲ್ಲದ್ದಕ್ಕೂ ಬಹಳ ಅಂತರ ಇದೆ.

ರಬ್ಬರ್ ಮ್ಯಾಟಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದೇ ಗ್ರೈಂಡರನ್ನು ಬರೀ ತಗಡಿನ ಮೇಲಿಟ್ಟು ಮೇಲಿನಿಂದ ಬೆಲ್ಟ್ ಹಾಕಿ ನೆಲಕ್ಕೆ ಒತ್ತಿ ಹಿಡಿಯುತ್ತೀರಿ ಅಂದುಕೊಳ್ಳಿ. ಉಳಿದ 36 ಕಿಲೋ ತಡೆಯಲು ಬೆಲ್ಟ್ 180 ಕಿಲೋ ಭಾರ ಹೇರಿದಂತೆ ಒತ್ತಬೇಕು. ಸಣ್ಣ ರ್ಯಾಚೆಟ್‌ನಲ್ಲಿ ಅಷ್ಟು ಬಿಗಿ ಬರುವುದು ಕಷ್ಟ, ಬಂದರೂ ಗ್ರೈಂಡರಿನ ಚೌಕಟ್ಟು ಬಗ್ಗೀತು. ಒಳ್ಳೆಯ ರಬ್ಬರ್ ಮ್ಯಾಟ್ ಹಾಸಿದರೆ ಹಿಡಿತ ತೂಕದ ಹತ್ತರಲ್ಲಿ ಆರು ಪಾಲಿಗೆ ಏರುತ್ತದೆ. ಆಗ ಬೆಲ್ಟ್ ಒತ್ತಬೇಕಾದದ್ದು ಬರೀ 20 ಕಿಲೋ. 180 ಎಲ್ಲಿ, 20 ಎಲ್ಲಿ! ಹೊಳೆಯುವ ಪ್ಲಾಸ್ಟಿಕ್ ಹಾಸು ಇದಕ್ಕೆ ಆಗದು. ಜಿಮ್ಮಿನಲ್ಲಿ ಹಾಸುವಂಥ ತರಿತರಿ ರಬ್ಬರ್ ಬೇಕು. ಮನೆಯ ಕೊಟ್ಟಿಗೆಯಲ್ಲಿ ಹಳೆ ರಬ್ಬರ್ ಮ್ಯಾಟ್ ಇದ್ದರೆ ಚೆನ್ನಾಗಿ ತೊಳೆದು ತುಂಡು ಮಾಡಿ ಗ್ರೈಂಡರ್ ಮತ್ತು ಒಲೆಯ ಕಾಲಡಿ ಹಾಕಿ. ಕೆಲಸ ಮುಗಿದಾಗೆಲ್ಲ ಗುಡಿಸಿ, ಎಣ್ಣೆ ಒರೆಸಿ. ಎಣ್ಣೆ ಬಿದ್ದ ರಬ್ಬರ್ ಜಾರುತ್ತದೆ.

ತುಂಬುವ ಕ್ರಮ ಹೀಗಿರಲಿ. ಭಾರದ್ದು ಕೆಳಗೆ, ಜಾಲರಿಗೆ ಒತ್ತಿ, ಎಡ ಬಲ ಸಮ. ಗ್ರೈಂಡರ್ ಜಾಲರಿಗೆ ಒರಗಬೇಕು. ಅದರ ಚೌಕಟ್ಟಿನಿಂದ ಹಿಂದಿನ ಎರಡು ಕೊಂಡಿಗೆ ಓರೆಯಾಗಿ ಬೆಲ್ಟ್ ಎಳೆಯಿರಿ. ಆಗ ಬೆಲ್ಟ್ ನೇರವಾಗಿ ಹಿಂದಕ್ಕೆ ಹಿಡಿಯುತ್ತದೆ, ಕಡಿಮೆ ಬಿಗಿ ಸಾಕು. ಕಲ್ಲು, ಡ್ರಮ್ಮು ಬಿಚ್ಚಲು ಬಂದರೆ ಬಿಚ್ಚಿ ಬೇರೆ ಇಡಿ. ಅಕ್ಕಿ ಮೂಟೆ ಅದರ ಪಕ್ಕದ ಸಂದಿಗೆ. ಕೊಪ್ಪರಿಗೆಗಳನ್ನು ಒಂದರೊಳಗೊಂದು ಇಟ್ಟು, ನಡುವೆ ಗೋಣಿ ಹಾಕಿ, ಬೆಲ್ಟನ್ನು ಕೊಪ್ಪರಿಗೆಯ ಎರಡೂ ಹಿಡಿಬಳೆಗಳ ಒಳಗಿಂದ ತೂರಿಸಿ. ಪಾತ್ರೆಯ ಅಂಚಿಗೆ ಬೆಲ್ಟ್ ನೇರವಾಗಿ ತಾಗಬಾರದು, ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ ಕೊಯ್ದಿರುತ್ತದೆ. ಹಳೆ ಟ್ಯೂಬಿನ ತುಂಡು ಮಧ್ಯೆ ಕೊಡಿ.

ಮುಚ್ಚಳಗಳ ವಿಷಯ ನಿಮಗೇ ಗೊತ್ತಾಯಿತಲ್ಲ. ಎಲ್ಲವನ್ನೂ ಒಂದು ಗೋಣಿಯಲ್ಲಿ ಹಾಕಿ ಕಟ್ಟಿ ಕೊಪ್ಪರಿಗೆಯ ಒಳಗೆ ಇಡಿ. ಮೆಟ್ಟುಕತ್ತಿ, ಹೆರೆಮಣೆ, ಚಾಕು, ಉದ್ದ ಸೌಟು ಇವೆಲ್ಲ ಮುಚ್ಚಳ ಇರುವ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಗಾಡಿಗೆ ಅಡ್ಡವಾಗಿ. ಉದ್ದ ಸೌಟನ್ನು ಡ್ರೈವರ್ ಕಡೆಗೆ ಮುಖ ಮಾಡಿ ಇಡುವುದು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಮೆಷ್ ಸಂದಿಯಿಂದ ಅದೊಂದೇ ಹೊರಗೆ ಬರಬಲ್ಲದ್ದು.

ಎಲ್ಲ ಭಾರ ಹಿಂಬಾಗಿಲ ಹತ್ತಿರ ತುಂಬಿದರೆ ಮುಂದಿನ ಚಕ್ರ ಹಗುರ ಆಗುತ್ತದೆ. ಸ್ಟಿಯರಿಂಗ್ ತೇಲಿದಂತೆ ಅನ್ನಿಸುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಎಷ್ಟು ತುಂಬಬಹುದು ಅನ್ನುವುದು ಆರ್‌ಸಿಯಲ್ಲೇ ಇದೆ. ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ, ಅದರಲ್ಲಿ ಕೂತವರ ತೂಕ, ಜಾಲರಿಯ ತೂಕವೂ ಕಳೆಯಿರಿ. ಒಂದು ಸಲ ಪೂರ್ತಿ ತುಂಬಿದ ಗಾಡಿಯನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿ. ತುಂಬಾ ಜನರಿಗೆ ಆ ಚೀಟಿ ನೋಡಿ ಗಾಬರಿ ಆಗುತ್ತದೆ. ಘಟ್ಟ ಇಳಿಯುವಾಗ ಜಾಸ್ತಿ ತೂಕ ಅಂದರೆ ಬ್ರೇಕ್ ಬಿಸಿ. ಹತ್ತುವ ಗೇರಿನಲ್ಲೇ ಇಳಿಯಿರಿ.

ಕಟ್ಟಿದ್ದು ಸರಿಯಾಗಿದೆಯಾ ಅಂತ ಗೊತ್ತಾಗುವುದು ಹೇಗೆ? ಸಾಮಾನಿನ ಬುಡದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಯಾರೂ ಇಲ್ಲದ ಮೈದಾನದಲ್ಲಿ 20 ಕಿ.ಮೀ. ವೇಗದಲ್ಲಿ ಹೋಗಿ ಗಟ್ಟಿಯಾಗಿ ಬ್ರೇಕ್ ಹಾಕಿ. ಗೆರೆಯಿಂದ ಬೆರಳಗಲ ಸರಿದಿದ್ದರೂ ಮತ್ತೆ ಕಟ್ಟಿ. ಹೊರಟು ಹತ್ತು ಹದಿನೈದು ಕಿ.ಮೀ. ಆದ ಮೇಲೆ ನಿಲ್ಲಿಸಿ ಬೆಲ್ಟ್ ಮುಟ್ಟಿ ನೋಡಿ. ಸಾಮಾನು ಅಷ್ಟರಲ್ಲಿ ಕೂತಿರುತ್ತದೆ, ಬೆಲ್ಟ್ ಸಡಿಲ ಆಗಿರುತ್ತದೆ. ನಿಮ್ಮ ದಾರಿಯಲ್ಲಿ ಘಟ್ಟ ಶುರುವಾಗುವ ಮೊದಲು ಇದು ಆಗಬೇಕು.

ಸಿಲಿಂಡರ್ ಬಗ್ಗೆ ನನ್ನ ಸಲಹೆ: ವ್ಯಾನಿನಲ್ಲಿ ಒಯ್ಯಬೇಡಿ. ಮದುವೆ ಮನೆಯವರಿಗೆ ಹೇಳಿ ಆ ಊರಿನ ಏಜೆನ್ಸಿಯಿಂದಲೇ ಕಮರ್ಷಿಯಲ್ ಸಿಲಿಂಡರ್ ತರಿಸಿ. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ಇಂಥ ಕೆಲಸಕ್ಕೆ ಬಳಸುವುದು ಕಾನೂನಿಗೂ ವಿರುದ್ಧ. ಕಮರ್ಷಿಯಲ್ ಸಿಲಿಂಡರಿನಲ್ಲಿ ಗ್ಯಾಸೇ 19 ಕಿಲೋ, ಉಕ್ಕು ಸೇರಿ 35 ಕಿಲೋ ದಾಟುತ್ತದೆ. ಅದೂ ಗ್ರೈಂಡರಿನ ಹಾಗೇ ಬರುತ್ತದೆ, ಜೊತೆಗೆ ಗ್ಯಾಸು. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಮುಚ್ಚಿದ ವ್ಯಾನಿನ ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ತೆರೆದ ಗೂಡ್ಸ್ ಗಾಡಿಯೇ ಸರಿ. ಅದರಲ್ಲೂ ನೆಟ್ಟಗೆ ನಿಲ್ಲಿಸಿ, ರೆಗ್ಯುಲೇಟರ್ ಬಿಚ್ಚಿ, ಕ್ಯಾಪ್ ಹಾಕಿ, ಕೆಳಗೊಂದು ಮೇಲೊಂದು ಎರಡು ಬೆಲ್ಟ್ ಹಾಕಬೇಕು. ಮಲಗಿಸಿದರೆ ಸೋರಿಕೆಯಲ್ಲಿ ದ್ರವವೇ ಹೊರಬರುತ್ತದೆ, ಅದು ಸುಮಾರು 250 ಪಟ್ಟು ಹಿಗ್ಗಿ ಗ್ಯಾಸಾಗುತ್ತದೆ. ಖಾಲಿ ಸಿಲಿಂಡರಿನಲ್ಲೂ ಗ್ಯಾಸು ಉಳಿದಿರುತ್ತದೆ, ಅದಕ್ಕೂ ಇದೇ ನಿಯಮ.

ಕಾಗದಪತ್ರದ ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಆರ್‌ಸಿಯಲ್ಲಿ 7 ಸೀಟು ಇದ್ದು ಗಾಡಿಯಲ್ಲಿ ಎರಡೇ ಇದ್ದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಬರುವ ಮಾರ್ಪಾಡು. 2019ರ ತಿದ್ದುಪಡಿ ಆದ ಮೇಲೆ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಸರಕಿಗಾಗಿ ಮಾಡದ ಗಾಡಿಯಲ್ಲಿ ಸರಕು ಸಾಗಿಸಿದರೆ ಆಗ ಅದನ್ನೂ ಕಾಯ್ದೆ ಸರಕು ವಾಹನ ಅಂತಲೇ ನೋಡುತ್ತದೆ. ಅಪಘಾತ ಆದಾಗ ಇನ್ಶೂರೆನ್ಸಿನವರು ಮೊದಲು ಹಿಡಿಯುವುದೂ ಇದನ್ನೇ. ನಿಮ್ಮ ಗಾಡಿ ಕೆಎ 31 ಆಗಿದ್ದರೆ ಶಿರಸಿ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸಿನವರಿಗೂ ಬರೆದು ತಿಳಿಸಿ. ಜಾಲರಿಗೆ ಖರ್ಚು ಮಾಡುವ ಮೊದಲು ಇದು ಆಗಲಿ.

ಈಗ ನಿಮ್ಮ ಮುಂದಿರುವ ದಾರಿಗಳು. ಎರಡೂ ಸಾಲು ತೆಗೆದಿದ್ದನ್ನು ಹಾಗೇ ಇಟ್ಟುಕೊಂಡು, ಆರ್‌ಟಿಒದಲ್ಲಿ ಸರಿಮಾಡಿಸಿ, ಜಾಲರಿ, ಕೊಂಡಿ, ಮ್ಯಾಟ್ ಹಾಕಿಸುವುದು ಒಂದು. ಜಾಗ ಸಿಗುತ್ತದೆ, ಆದರೆ ಮುಂದೆ ಇಬ್ಬರು ಮಾತ್ರ. ಹುಡುಗರು ಬಸ್ಸಿಗೆ ಬರಬೇಕು, ಕಾಗದದ ಓಡಾಟ ಇದೆ. ಕಂಪನಿಯದೇ ಕಾರ್ಗೋ ಈಕೋಗೆ ಬದಲಿಸಿಕೊಂಡರೆ ಕಾಗದದ ತಲೆಬಿಸಿ ಕಡಿಮೆ, ದುಡ್ಡು ಜಾಸ್ತಿ.

ನಾನು ನಿಮ್ಮ ಜಾಗದಲ್ಲಿದ್ದರೆ ಇನ್ನೊಂದು ದಾರಿ ಹಿಡಿಯುತ್ತಿದ್ದೆ. ಮಧ್ಯದ ಸಾಲಿನ ಸೀಟನ್ನು ಬೆಲ್ಟ್ ಸಮೇತ ವಾಪಸ್ ಕೂರಿಸುತ್ತಿದ್ದೆ. ಜಾಲರಿಯನ್ನು ಅದರ ಹಿಂದೆ ಹಾಕುತ್ತಿದ್ದೆ. ಹುಡುಗರು ಬೆಲ್ಟ್ ಹಾಕಿ ಕೂರುತ್ತಾರೆ. ಕಡೆಯ ಸಾಲಿನ ಜಾಗದಲ್ಲಿ ಸೌಟಿನ ಪೆಟ್ಟಿಗೆ, ಮಸಾಲೆ, ಸಣ್ಣ ಪಾತ್ರೆ. ಗ್ರೈಂಡರ್, ಕೊಪ್ಪರಿಗೆ, ಒಲೆ, ಸಿಲಿಂಡರ್ ಇದ್ದರೆ ಅದೂ, ಬಾಡಿಗೆಯ ಟಾಟಾ ಏಸ್ ಅಥವಾ ಪಿಕಪ್‌ನಲ್ಲಿ. ಅದರಲ್ಲಿ ಕ್ಯಾಬಿನ್ ಬೇರೆ, ಸಾಮಾನಿನ ಡಬ್ಬ ಬೇರೆ. ಬಾಡಿಗೆ ಕೊಡಬೇಕು, ನಿಜ. ಅದನ್ನು ಅಡುಗೆಯ ರೇಟಿನಲ್ಲೇ ಸೇರಿಸಿ ಹೇಳಿ, ದೊಡ್ಡ ಊಟಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಈ ದಾರಿಯಲ್ಲೂ ಕಡೆಯ ಸಾಲು ತೆಗೆದದ್ದನ್ನು ಆರ್‌ಟಿಒಗೆ ಹೇಳಬೇಕಾಗುತ್ತದೆ.

ಮುಂದಿನ ಮುಹೂರ್ತ ಹತ್ತಿರ ಇದ್ದು ಇಷ್ಟೆಲ್ಲ ಮಾಡಲು ಸಮಯ ಇಲ್ಲ ಅಂದರೆ, ಆ ಒಂದು ಕೆಲಸಕ್ಕೆ ಭಾರದ್ದನ್ನೆಲ್ಲ ಬಾಡಿಗೆ ಗಾಡಿಗೆ ಹಾಕಿ. ಜಾಲರಿ ಇಲ್ಲದೆ ಗ್ರೈಂಡರ್ ಇಟ್ಟುಕೊಂಡು ದೇವಿಮನೆ ಇಳಿಯಬೇಡಿ. ಜಾಲರಿಯ ಅಳತೆಯಲ್ಲಿ ಗೊಂದಲ ಬಂದರೆ ಗಾಡಿ ಒಳಗಿನ ಎರಡು ಫೋಟೋ ಕಳಿಸಿ, ಸೀಟಿನ ಬೋಲ್ಟ್ ತೂತುಗಳು ಕಾಣಬೇಕು. ಎಲ್ಲಿ ಬೋಲ್ಟ್ ಮಾಡಬಹುದು ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.